ವಂಶವೃಕ್ಷದ ಖಾಲಿ ವೃತ್ತ

ಮೈಸೂರಿನಲ್ಲಿ ಕಾಗದ ಸಂರಕ್ಷಣೆಯ ತರಬೇತಿ ಪಡೆಯುತ್ತಿರುವ ಇಬ್ಬರು ಹೆಣ್ಣುಮಕ್ಕಳು ನನಗೆ ಮೇಲ್ ಬರೆದಿದ್ದರು. "ಮೇಡಂ, ಈ ಕೆಲಸ ನಿಜವಾಗಿ ಹೇಗಿರುತ್ತೆ? ನಮ್ಮ ಮೇಷ್ಟ್ರು ಹೇಳೋದು ಕೇಳಿದರೆ ಬಹಳ ಚೆನ್ನಾಗಿರೋ ಹಾಗಿದೆ" ಎಂದು ಕೇಳಿದ್ದರು. ಉತ್ತರ ಬರೆಯಲು ನಾಲ್ಕು ತಿಂಗಳು ತೆಗೆದುಕೊಂಡೆ. ಬಲಗೈಯ ಹೆಬ್ಬೆರಳಿನ ಕೀಲು ಸವೆದಿದೆ, ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಇಪ್ಪತ್ತಮೂರು ವರ್ಷ ಒಂದೇ ಭಂಗಿಯಲ್ಲಿ ಬಗ್ಗಿ ಕೂತದ್ದರ ಫಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೇಷ್ಟ್ರು ಹೇಳಿರುವುದಿಲ್ಲ.

ನಾನು ಕೆಲಸ ಮಾಡಿದ್ದು ಕೌಲಾಲಂಪುರದ ಬಾಂಗ್ಸಾರ್‌ನಲ್ಲಿದ್ದ ಒಂದು ಖಾಸಗಿ ಸಂಗ್ರಹಾಲಯದಲ್ಲಿ. ಹಳೆಯ ಬಂಗಲೆ, ಮೇಲೆ ಗ್ಯಾಲರಿ, ಕೆಳಗೆ ನಮ್ಮ ಕೊಠಡಿ. ಅಲ್ಲಿದ್ದದ್ದು ಐನೂರು ವರ್ಷ ಹಿಂದೆ ಯುರೋಪಿನಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ಚಿತ್ರಗಳು. ದೊರೆಗಳು, ಬಿಷಪ್ಪರು, ಅವರ ಕುದುರೆಗಳು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅವರ ಗುರಾಣಿಗಳು. ಆ ಕಾಲದ ಜನ ತಮ್ಮ ದೊರೆಯ ಮುಖ ನೋಡಿದವರಲ್ಲ. ಮರ ಕೆತ್ತುವವನೂ ನೋಡಿರುತ್ತಿರಲಿಲ್ಲ; ಗಡ್ಡವಿರುವ ಒಂದು ಮುಖ ಕೆತ್ತಿ ಹತ್ತು ದೊರೆಗಳಿಗೆ ಬಳಸುತ್ತಿದ್ದ. ಯಾರು ಯಾರೆಂದು ಹೇಳುತ್ತಿದ್ದದ್ದು ಮೂಲೆಯಲ್ಲಿನ ಗುರಾಣಿ. ಹದ್ದಿಗೆ ಒಂದು ತಲೆಯಿದ್ದರೆ ರಾಜ, ಎರಡಿದ್ದರೆ ಚಕ್ರವರ್ತಿ. ಗುರಾಣಿಯ ಮೇಲೆ ಎಷ್ಟು ಶಿರಸ್ತ್ರಾಣಗಳೋ ಅಷ್ಟು ಸೀಮೆಗಳ ಮೇಲೆ ಹಕ್ಕು. ಎರಡು ಗುರಾಣಿಗಳು ಒಂದರತ್ತ ಒಂದು ವಾಲಿದ್ದರೆ ಗಂಡ ಹೆಂಡತಿ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಒಬ್ಬನ ಅಧಿಕಾರ, ಕುಲ, ಮದುವೆ ಎಲ್ಲ. ನಾನು ದಿನವಿಡೀ ನೋಡುತ್ತಿದ್ದದ್ದು ಅದನ್ನೇ. ನನ್ನ ಮಗಳು ಶಾಲೆಯಲ್ಲಿ ಯಾರಿಗೋ ಹೇಳುವುದನ್ನು ಕೇಳಿಸಿಕೊಂಡಿದ್ದೆ: "ಮೈ ಮದರ್ ಲುಕ್ಸ್ ಅಟ್ ಪೇಪರ್, ಲಾ. ಆಲ್ ಡೇ." (ಆ 'ಲಾ' ಇಲ್ಲಿನವರೆಲ್ಲ ಮಾತಿನ ಕೊನೆಗೆ ಸೇರಿಸುವ ಬಾಲ.) ಅದಕ್ಕಿಂತ ಸರಿಯಾಗಿ ಯಾರೂ ನನ್ನ ಕೆಲಸವನ್ನು ವರ್ಣಿಸಿಲ್ಲ.

ಈ ಕೆಲಸಕ್ಕೆ ನಾನು ಬಂದದ್ದು ದೊಡ್ಡ ಓದಿನಿಂದಲ್ಲ. ನಮ್ಮಪ್ಪನದು ಹುಬ್ಬಳ್ಳಿಯಲ್ಲಿ ಮುದ್ರಣಾಲಯ. ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ. ಲಗ್ನಪತ್ರಿಕೆಯ ತಲೆಯ ಮೇಲೆ ಒತ್ತುವ ಗಣಪತಿಯ ಮರದಚ್ಚು ಒಂದಿತ್ತು. ಅದರಲ್ಲಿ ಹುಳು ಹೊಕ್ಕು ತೂತು ಬಿದ್ದಾಗ ಗಣಪತಿಯ ಹೊಟ್ಟೆಯ ಮೇಲೆ ಬಿಳಿಯ ಚುಕ್ಕೆಗಳು ಬರತೊಡಗಿದವು. ಅಪ್ಪ ಚುಕ್ಕೆ ಎಣಿಸಿ ಪತ್ರಿಕೆ ಯಾವ ವರ್ಷದ್ದೆಂದು ಹೇಳುತ್ತಿದ್ದರು. ನಾನು ಮೈಸೂರಿನಲ್ಲಿ ಹಸ್ತಪ್ರತಿ ಕಾಪಾಡುವ ಕೆಲಸ ಕಲಿತು, ಮದುವೆಯಾಗಿ, ಗಂಡನಿಗೆ ಸೈಬರ್‌ಜಯಾದಲ್ಲಿ ನೌಕರಿ ಸಿಕ್ಕಿದ್ದಕ್ಕೆ ಮಲೇಷ್ಯಾಕ್ಕೆ ಬಂದೆ. ಸಂದರ್ಶನದಲ್ಲಿ ಸಂರಕ್ಷಣಾ ವಿಭಾಗದ ಮುಖ್ಯಸ್ಥೆ ಪುವಾನ್ ರೊಸ್ನಾ (ಪುವಾನ್ ಎಂದರೆ ಮಲಯದಲ್ಲಿ ಶ್ರೀಮತಿ) ಒಂದು ಚಿತ್ರ ಮುಂದಿಟ್ಟು, "ಏನು ಕಾಣುತ್ತೆ?" ಎಂದರು. ಉಳಿದವರು ಸಿಂಹ, ಕಿರೀಟ ಎಂದಿದ್ದರಂತೆ. "ಅಚ್ಚಿಗೆ ಹುಳು ಬಿದ್ದಿದೆ, ಇದು ಕೊನೆಕೊನೆಗೆ ಒತ್ತಿದ ಪ್ರತಿ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಸೋಮವಾರ ಬಾ" ಎಂದರು.

ಪುವಾನ್ ರೊಸ್ನಾ ಕಡಿಮೆ ಮಾತಿನ ಹೆಂಗಸು. ಸಿಟ್ಟು ಬಂದರೆ ಇನ್ನೂ ಕಡಿಮೆ. ಅವರ ಮೌನ ನನಗೆ ಪೂರ್ತಿ ಅರ್ಥವಾದದ್ದು ಎರಡನೆಯ ವರ್ಷ, ನಾನು ಮಾಡಿದ ಒಂದು ಕೆಲಸದಿಂದ.

ಒಬ್ಬ ಸಣ್ಣ ದೊರೆಯ ಚಿತ್ರ ಬಂದಿತ್ತು. ಅದರ ಗುರಾಣಿಯ ಜಾಗದಲ್ಲಿ ಒಂದು ಕಾಗದದ ಚೂರು ಅಂಟಿಸಿತ್ತು. ಅದರ ಮೇಲೂ ಒಂದು ಗುರಾಣಿ. ಹರಿದದ್ದಕ್ಕೆ ಯಾರೋ ತೇಪೆ ಹಾಕಿದ್ದಾರೆ ಎಂದುಕೊಂಡೆ. ಆಗ ನಮ್ಮ ಪದ್ಧತಿಯೇ ಹಾಗಿತ್ತು. ಏನು ಬಂದರೂ ತೊಳೆ, ಬಿಳಿ ಮಾಡು, ನಂತರ ಸೇರಿದ್ದನ್ನೆಲ್ಲ ತೆಗೆ. ಹಬೆ ಹಿಡಿದೆ, ಚೂರು ಬಿಟ್ಟುಕೊಂಡಿತು; ಎತ್ತುವಾಗ ಎರಡಾಗಿ ಹರಿಯಿತು. ಹಳೆಯ ಅಂಟನ್ನು ಹತ್ತಿಯಲ್ಲಿ ಒರೆಸಿ ತೊಳೆದುಬಿಟ್ಟೆ. ಕೆಳಗೆ ಬೇರೊಂದು ಗುರಾಣಿ, ಅಚ್ಚುಕಟ್ಟಾಗಿ ಕಾಣಿಸಿತು. ಏನೋ ಕಂಡುಹಿಡಿದೆನೆಂದು ಓಡಿಹೋಗಿ ಪುವಾನ್ ರೊಸ್ನಾರನ್ನು ಕರೆತಂದೆ.

ಅವರು ನೋಡಿದರು. ಚೂರು ನೋಡಿದರು. ಕುರ್ಚಿ ಎಳೆದು ಕೂತರು.

"ಅಡೋಯ್, ವಿಮಲಾ. ಇದು ತೇಪೆ ಅಲ್ಲ."

"ಮತ್ತೆ?"

"ಹಳೆ ದೊರೆ ಸತ್ತ. ಸೀಮೆ ಬೇರೆಯವನ ಕೈಗೆ ಹೋಯ್ತು. ಹೊಸಬನಿಗೆ ಹೊಸ ಅಚ್ಚು ಕೆತ್ತಿಸೋಕೆ ಪುರಸೊತ್ತಿಲ್ಲ. ಉಳಿದಿದ್ದ ಹಳೆ ಪ್ರತಿಗಳ ಮೇಲೆ ತನ್ನ ಗುರಾಣಿ ಅಂಟಿಸಿ ಹಂಚಿದ. ಅವನು ಗೆದ್ದ ಅನ್ನೋದಕ್ಕೆ ಈ ಚೂರೇ ಸಾಕ್ಷಿ. ಅಂಟು ಆ ಕಾಲದ್ದೇ ಅಂತ ಪರೀಕ್ಷೆ ಮಾಡಿಸಬಹುದಿತ್ತು. ನೀನು ತೊಳೆದುಬಿಟ್ಟೆ."

ಕೆಲಸ ಹೋಯಿತೆಂದುಕೊಂಡೆ. ಅವರು ವರದಿಯ ಹಾಳೆ ನನ್ನತ್ತ ತಳ್ಳಿ, "ಏನು ಮಾಡಿದೆಯೋ ಅದನ್ನ ಬರಿ. ಹೆಸರು ಹಾಕು" ಎಂದರು. ಅಷ್ಟೇ. ಆ ಹಾಳೆ ಇವತ್ತಿಗೂ ಆ ಕಡತದಲ್ಲಿದೆ. ಆ ಚಿತ್ರವನ್ನು ನೋಡಲು ಬರುವ ಪ್ರತಿಯೊಬ್ಬ ವಿದ್ವಾಂಸನೂ ಮೊದಲು ಓದುವುದು ನನ್ನ ತಪ್ಪನ್ನು. ಆ ಮೇಲೆ ಹದಿನೈದು ದಿನ ನಾನು ಯಾವ ಚಿತ್ರಕ್ಕೂ ಕೈ ಹಚ್ಚಲಿಲ್ಲ, ಬರೀ ತೇವದ ಮಾಪಕಗಳ ಲೆಕ್ಕ ಬರೆದುಕೊಂಡು ಕೂತಿದ್ದೆ. ಮನೆಯಲ್ಲಿ ಗಂಡ, "ಕಾಗದದ ಚೂರಿಗೆ ಇಷ್ಟ್ಯಾಕ ಮಾರಿ ಸಣ್ಣ ಮಾಡ್ಕೊಂಡು ಕುಂತೀ? ನಮ್ಮ ಆಫೀಸ್‌ನ್ಯಾಗ ದಿನಾ ಇದಕ್ಕಿಂತ ದೊಡ್ಡ ತಪ್ಪು ಆಗ್ತಾವ" ಎಂದರು. ಅವರ ತಪ್ಪುಗಳನ್ನು ಸರಿಮಾಡಿ ಮತ್ತೆ ನಡೆಸಬಹುದಿತ್ತು. ನನ್ನದನ್ನು ಹಾಗೆ ಮಾಡಲು ಬರುತ್ತಿರಲಿಲ್ಲ.

ಈಗ ಪದ್ಧತಿ ಬದಲಾಗಿದೆ. ಈಗ ಯಾರೂ ತೊಳೆಯುವುದಿಲ್ಲ. ಹುಳು ಬಿದ್ದರೆ ಔಷಧ ಹೊಡೆಯುತ್ತಿದ್ದವರು ಈಗ ಚಿತ್ರವನ್ನು ಸುತ್ತಿ ಶೀತಲ ಪೆಟ್ಟಿಗೆಯಲ್ಲಿಡುತ್ತಾರೆ. ಮೊದಲೆಲ್ಲ ಬೆಳಕನ್ನು ಓರೆಯಾಗಿ ಹಿಡಿದು ಕಣ್ಣಿನಿಂದ ನೋಡುತ್ತಿದ್ದದ್ದನ್ನು ಈಗ ಕ್ಯಾಮೆರಾ ನೋಡುತ್ತದೆ. ಬಾಂಗ್ಸಾರ್‌ನ ಸೆಖೆ ಮಾತ್ರ ಬದಲಾಗಿಲ್ಲ. ಒಂದು ಮಧ್ಯಾಹ್ನ ಎರಡು ತಾಸು ಕರೆಂಟ್ ಹೋದರೆ ಮೂರನೆಯ ದಿನ ಬೂಷ್ಟು ಹಾಜರು.

ಸಂಗ್ರಹಾಲಯದ ಒಡೆಯರನ್ನು ನಾವೆಲ್ಲ ದಾತುಕ್ ಎನ್ನುತ್ತಿದ್ದೆವು. ಅದು ಸರಕಾರ ಕೊಡುವ ಬಿರುದು. ಅವರದು ಚೀನೀ ಮನೆತನ, ಅಪ್ಪನದು ಇಪೋ ಎಂಬ ಊರಲ್ಲಿ ಟೈರಿನ ಅಂಗಡಿ. ಇವರು ಅದನ್ನು ಬಹಳ ದೊಡ್ಡದು ಮಾಡಿದರು. ಪ್ರತಿ ಶುಕ್ರವಾರ ಮಧ್ಯಾಹ್ನ ಅವರು ನಮ್ಮ ಕೊಠಡಿಗೆ ಬರುತ್ತಿದ್ದರು, ಕೈಯಲ್ಲಿ ಅಂಗಡಿಯಿಂದ ಕಟ್ಟಿಸಿ ತಂದ ನೂಡಲ್ಸ್ ಪೊಟ್ಟಣ, ಜೊತೆಗೆ ಮಗಳು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ತಿಂದು, ಕೈ ತೊಳೆದು ಒಳಗೆ ಬಂದು ಕೇಳುತ್ತಿದ್ದರು. "ಈ ಸಿಂಹ ಯಾಕೆ ಎರಡು ಬಾಲ, ವಿಮಲಾ? ಇವನಿಗೆ ಹೆಲ್ಮೆಟ್ ಮೂರು, ಪಕ್ಕದವನಿಗೆ ಯಾಕೆ ಒಂದೇ?" ನಾನು ಹೇಳುತ್ತಿದ್ದೆ. ಅವರು ಮಗುವಿನ ಹಾಗೆ ಕೇಳುತ್ತಿದ್ದರು. "ನಮ್ಮ ಮನೇಲಿ ಸಿಂಹ ಪಂಹ ಯಾವುದೂ ಇಲ್ಲ, ಲಾ. ನಮ್ಮಪ್ಪನ ಬೋರ್ಡಿನ ಮೇಲೆ ಒಂದು ಟೈರು, ಅಷ್ಟೇ" ಎಂದು ನಗುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿಯಿತ್ತು. ಅದನ್ನು ಹೇಳದಿದ್ದರೆ ಮುಂದಿನದು ಅನ್ಯಾಯವಾಗುತ್ತದೆ.

ಮಗಳು ಸ್ಯೂ ಲಿನ್. ಆಗ ಇಪ್ಪತ್ತೈದಿರಬಹುದು. ಗ್ಯಾಲರಿಯ ವಿವರಣೆ ಫಲಕಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ನನ್ನನ್ನು ಆಂಟಿ ಎನ್ನುತ್ತಿದ್ದಳು. ನಮ್ಮಲ್ಲಿ ಚೌಕಟ್ಟು ಕಟ್ಟುತ್ತಿದ್ದವನು ಸೆಲ್ವಂ ಎಂಬ ತಮಿಳು ಯುವಕ. ಅವನ ಕೈ ಹೇಳಿದ ಹಾಗೆ ಮರ ಕೇಳುತ್ತಿತ್ತು. ನನ್ನಪ್ಪನ ಕೈ ನೆನಪಾಗುತ್ತಿತ್ತು. ಅವರಿಬ್ಬರ ವಿಷಯ ನನಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಫಲಕದ ಅಳತೆ ಕೇಳಲು ಒಬ್ಬ ಹೆಣ್ಣುಮಗಳು ದಿನಕ್ಕೆ ನಾಲ್ಕು ಸಲ ಬಡಗಿಯ ಕೋಣೆಗೆ ಹೋಗುವುದಿಲ್ಲ.

ಒಂದು ದಿನ ಅವಳು ನನ್ನನ್ನು ಹತ್ತಿರದ ಮಾಮಕ್ ಅಂಗಡಿಗೆ, ತಮಿಳು ಮುಸ್ಲಿಮರ ಚಹಾದಂಗಡಿಗೆ, ಕರೆದುಕೊಂಡು ಹೋದಳು. ಚಹಾ ಬಂದಿತು, ಅವಳು ಮುಟ್ಟಲಿಲ್ಲ.

"ಆಂಟಿ, ಮುಂದಿನ ವಾರ ನಾವು ಮದುವೆ ರಿಜಿಸ್ಟರ್ ಮಾಡ್ಕೊಳ್ತಿದ್ದೀವಿ. ಪಾಪಾಗೆ ಹೇಳಿಲ್ಲ. ಕೆವಿನ್‌ಗೆ ಗೊತ್ತಾದ್ರೆ ನಿಲ್ಲಿಸ್ತಾನೆ." ಕೆವಿನ್ ಅವಳ ಅಣ್ಣ; ಒಬ್ಬ ತಮ್ಮನೂ ಇದ್ದ.

"ಅಮ್ಮನಿಗೆ?"

"ಅಮ್ಮನಿಗೆ ಗೊತ್ತು. ಅಮ್ಮ ತನ್ನ ಬಳೆ ಕೊಟ್ಟಿದ್ದಾಳೆ."

ನಾನು ಅವಳ ಕೈ ಹಿಡಿದುಕೊಂಡೆ.

ಹತ್ತು ದಿನದ ಮೇಲೆ ದಾತುಕ್ ಒಬ್ಬರೇ ಬಂದರು, ಶುಕ್ರವಾರವಲ್ಲ. ನಿಂತೇ ಕೇಳಿದರು: "ವಿಮಲಾ, ನಿನಗೆ ಗೊತ್ತಿತ್ತಾ?"

ಆಗ ನನ್ನ ಗಂಡನ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತ್ತು, ಅವರೂ ಅದರಲ್ಲಿ ಒಬ್ಬರು. ನಾವು ಮೂವರೂ ಮಲೇಷ್ಯಾದಲ್ಲಿ ಇದ್ದದ್ದು ನನ್ನ ಕೆಲಸದ ಪರವಾನಗಿಯ ಮೇಲೆ. ಅದರ ನವೀಕರಣದ ಅರ್ಜಿ ಪುತ್ರಜಯಾದ ಸರಕಾರಿ ಕಚೇರಿಯಲ್ಲಿತ್ತು, ಅದಕ್ಕೆ ದಾತುಕ್ ಅವರ ಸಹಿ ಬೇಕಿತ್ತು. ಇದು ನೆಪವೆಂದು ನಿಮಗೆ ಅನ್ನಿಸಬಹುದು. ನನಗೂ ಎಷ್ಟೋ ಸಲ ಅನ್ನಿಸಿದೆ.

"ಗೊತ್ತಿರಲಿಲ್ಲ ದಾತುಕ್" ಎಂದೆ.

ಅವರು ತಲೆಯಾಡಿಸಿ ಹೋದರು. ಸಹಿ ಬಂತು. ಸೆಲ್ವಂ ಮಾರನೆಯ ದಿನದಿಂದ ಬರಲಿಲ್ಲ; ಬರಬೇಡ ಎಂದು ಹೇಳಿಕಳಿಸಿದ್ದರು. ಅವನ ಉಳಿಗಳನ್ನು ನಾನೇ ಪೆಟ್ಟಿಗೆಗೆ ತುಂಬಿ ಒಂದು ಭಾನುವಾರ ಅವರಿಬ್ಬರ ಮನೆಗೆ ಮುಟ್ಟಿಸಿದೆ. ಅವನು ಪೆಟ್ಟಿಗೆ ತೆರೆದು ಒಂದೊಂದಾಗಿ ನೋಡಿ, "ಎಲ್ಲಾ ಇರುಕ್ಕು ಅಕ್ಕಾ" ಎಂದ, ಎಲ್ಲ ಇದೆ ಎಂದು. ಅವನ ಪರವಾಗಿ ಸಂಗ್ರಹಾಲಯದಲ್ಲಿ ನಾನು ಒಂದು ಮಾತೂ ಆಡಿರಲಿಲ್ಲ. ಅವನು ಅದನ್ನು ಕೇಳಲೂ ಇಲ್ಲ.

ದಾತುಕ್ ಶುಕ್ರವಾರಗಳಂದು ಬರುವುದು ನಿಂತಿತು. ಎರಡು ವರ್ಷದ ಮೇಲೆ ಅವರ ಹೆಂಡತಿ ತೀರಿಕೊಂಡರು. ಸ್ಯೂ ಲಿನ್ ಸ್ಮಶಾನದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಳು, ನನ್ನ ಪಕ್ಕದಲ್ಲಿ. ಕೆವಿನ್ ಒಮ್ಮೆ ತಿರುಗಿ ನೋಡಿ ಮುಖ ಆಚೆ ಮಾಡಿದ. ಪುವಾನ್ ರೊಸ್ನಾ ನಿವೃತ್ತರಾಗಿ ಮಗನ ಮನೆಗೆ ಹೋದರು. ಅವರ ಕುರ್ಚಿ ನನಗೆ ಬಂತು, ಅದರ ಬೆನ್ನು ನೋವೂ ಸಹ. ಗಂಡನಿಗೆ ಮತ್ತೆ ಸೈಬರ್‌ಜಯಾದಲ್ಲೇ ಕೆಲಸ ಸಿಕ್ಕಿತು. ನಾನು ದಿನವೂ ಅಲ್ಲಿಂದ ಬಾಂಗ್ಸಾರ್‌ಗೆ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಮಧ್ಯದ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಕಾಗದ, ಗೋಧಿ ಹಿಟ್ಟಿನ ಅಂಟು, ಬೂಷ್ಟು, ಹೆದ್ದಾರಿ.

ನಿವೃತ್ತಿಗೆ ಒಂದೂವರೆ ವರ್ಷ ಇದ್ದಾಗ ಆ ವಂಶವೃಕ್ಷ ಬಂದಿತು.

ಜರ್ಮನಿಯಲ್ಲಿ ಒತ್ತಿದ್ದು, ಆರು ಹಾಳೆಗಳನ್ನು ಜೋಡಿಸಿದ ದೊಡ್ಡ ಮುದ್ರಣ, ನನ್ನ ಎತ್ತರಕ್ಕಿಂತ ಹೆಚ್ಚು. ಕೆಳಗೆ ಮೂಲಪುರುಷ ಕವಚ ತೊಟ್ಟು ಮಲಗಿದ್ದಾನೆ, ಅವನ ಹೊಟ್ಟೆಯಿಂದ ಒಂದು ದ್ರಾಕ್ಷಿಬಳ್ಳಿ ಎದ್ದು ಕೊಂಬೆಯಾಗಿ ಹರಡಿದೆ, ಕೊಂಬೆಗಳ ಮೇಲೆ ವೃತ್ತಗಳಲ್ಲಿ ಅವನ ಮಕ್ಕಳು ಮೊಮ್ಮಕ್ಕಳು. ಪ್ರತಿಯೊಬ್ಬರ ಕೆಳಗೆ ಹೆಸರು, ಪಕ್ಕದಲ್ಲಿ ಗುರಾಣಿ. ಮೂರನೆಯ ಸಾಲಿನಲ್ಲಿ ಒಂದು ವೃತ್ತ ಖಾಲಿ. ಮಾರಿದವರು "ಸವೆತ" ಎಂದು ಬರೆದು ಕಳಿಸಿದ್ದರು.

ಓರೆ ಬೆಳಕಿನಲ್ಲಿ ನೋಡಿದೆ. ಕಾಗದ ಸವೆದಿರಲಿಲ್ಲ, ಅದು ಸುತ್ತಲಿನಷ್ಟೇ ಗಟ್ಟಿಯಾಗಿತ್ತು. ಖಾಲಿ ಜಾಗದಲ್ಲಿ ಅಲ್ಲಲ್ಲಿ ಕೂದಲೆಳೆಯಷ್ಟು ಕಪ್ಪು ಗೀರುಗಳು. ಉಳಿಯಿಂದ ಮರ ಕೆರೆದಾಗ ಪೂರ್ತಿ ಹೋಗದೆ ಉಳಿದ ದಿಬ್ಬಗಳಿಗೆ ಮಸಿ ಹತ್ತಿ ಬರುವಂಥವು. ಹುಬ್ಬಳ್ಳಿಯಲ್ಲಿ ಅಂಗಡಿಯ ಪಾಲುದಾರರು ಬೇರೆಯಾದಾಗ ಅಪ್ಪ ಅಚ್ಚಿನಿಂದ ಒಬ್ಬರ ಹೆಸರು ಕೆರೆದು ತೆಗೆಯುತ್ತಿದ್ದರು, ಅಂಥವೇ ಗೀರುಗಳು. ಇಲ್ಲಿದ್ದ ಮುಖವನ್ನು ಬೇಕೆಂದೇ ಕೆತ್ತಿ ತೆಗೆದಿದ್ದರು.

ಯುರೋಪಿನ ಒಂದು ಗ್ರಂಥಾಲಯದಲ್ಲಿ ಇದೇ ಚಿತ್ರದ ಇನ್ನೂ ಹಳೆಯ ಪ್ರತಿ ಇತ್ತು. ಅಲ್ಲಿನ ವಯಸ್ಸಾದ ಗ್ರಂಥಪಾಲಕರಿಗೆ ಬರೆದೆ. ಮೂರು ವಾರದ ಮೇಲೆ ಫೋಟೊ ಕಳಿಸಿದರು. ಅದರಲ್ಲಿ ವೃತ್ತ ಖಾಲಿಯಿರಲಿಲ್ಲ. ಒಬ್ಬ ಹುಡುಗಿ, ಹೆಣೆದ ಕೂದಲು, ಸ್ವಲ್ಪ ಓರೆನೋಟ. ಹೆಸರು ಊರ್ಸುಲಾ. "ಇವಳ ಬಗ್ಗೆ ಬೇರೆ ಯಾವ ದಾಖಲೆಯೂ ಸಿಕ್ಕಿಲ್ಲ. ತಂದೆಯ ಮಾತು ಮೀರಿ ಮದುವೆಯಾದಳೇನೋ, ಮಠ ಬಿಟ್ಟು ಹೋದಳೇನೋ, ಊಹೆ ಮಾತ್ರ" ಎಂದು ಬರೆದಿದ್ದರು.

ಅಷ್ಟರಲ್ಲಿ ಸಂಗ್ರಹಾಲಯದ ಆಡಳಿತ ಕೆವಿನ್ ಕೈಗೆ ಬಂದಿತ್ತು. ಕೆಟ್ಟವನಲ್ಲ, ಅವಸರದವನು. ಫೋಟೊ ನೋಡಿ, "ಪರ್ಫೆಕ್ಟ್! ಈ ಮುಖ ಪ್ರಿಂಟ್ ಮಾಡಿಸಿ ಆ ತೂತಿಗೆ ಕೂರಿಸಿಬಿಡಿ ಆಂಟಿ. ನೋಡೋರು ಯಾಕೆ ಖಾಲಿ ಅಂತ ಕೇಳ್ತಾರೆ" ಎಂದ.

"ಕೇಳಲಿ ಅಂತಲೇ ಅದು ಇರೋದು" ಎಂದೆ. "ಪಕ್ಕದಲ್ಲಿ ಫೋಟೊ ಇಡೋಣ. ಮೂಲಕ್ಕೆ ನಾನು ಕೈ ಹಚ್ಚೋದಿಲ್ಲ."

ಅವನು ಹುಬ್ಬೇರಿಸಿದ. ಆದರೆ ಒಪ್ಪಿದ. ಅವನಿಗೆ ಇನ್ನೊಂದು ಕೆಲಸ ನನ್ನಿಂದ ಆಗಬೇಕಿತ್ತು. ದಾತುಕ್‌ಗೆ ಎಂಬತ್ತು ತುಂಬುತ್ತಿತ್ತು, ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ಅದೇ ಮಾದರಿಯಲ್ಲಿ ಅವರ ಮನೆತನದ ವಂಶವೃಕ್ಷವನ್ನು ಮರದಲ್ಲಿ ಕೆತ್ತಿಸಿ, ಗ್ಯಾಲರಿಯಲ್ಲಿ ಎರಡನ್ನೂ ಎದುರುಬದುರು ತೂಗುಹಾಕುವ ಯೋಜನೆ. ಕಲಾವಿದ ಕರಡು ಬರೆದುಕೊಟ್ಟಿದ್ದ. "ನೀವು ಒಮ್ಮೆ ಚೆಕ್ ಮಾಡಿ. ಹೆಲ್ಮೆಟ್, ಗಿಲ್ಮೆಟ್ ಎಲ್ಲ ಸರಿ ಇದೆಯಾ ಅಂತ."

ಕರಡನ್ನು ಮೇಜಿನ ಮೇಲೆ ಹರಡಿದೆ. ಕೆಳಗೆ ದಾತುಕ್, ಕವಚದ ಬದಲು ಸೂಟು. ಎದೆಯಿಂದ ಒಂದು ರಬ್ಬರ್ ಮರ ಎದ್ದಿತ್ತು. ಗುರಾಣಿಯ ಮೇಲೆ ಚಕ್ರ. ಎರಡು ಕೊಂಬೆ, ಇಬ್ಬರು ಗಂಡುಮಕ್ಕಳು, ಅವರ ಮಕ್ಕಳು. ಮೂರನೆಯ ಕೊಂಬೆಯೇ ಇರಲಿಲ್ಲ. ಖಾಲಿ ವೃತ್ತ ಕೂಡ ಇಲ್ಲ. ಆ ಜರ್ಮನ್ ಕೆತ್ತುವವನು ಕನಿಷ್ಠ ಜಾಗವನ್ನಾದರೂ ಬಿಟ್ಟಿದ್ದ.

ಎರಡು ದಿನ ಅದನ್ನು ಮಡಿಸಿಟ್ಟೆ. ನನಗೆ ಸಾಕಾಗಿತ್ತು, ನಿಜ ಹೇಳುತ್ತೇನೆ. ಇನ್ನೊಂದು ವರ್ಷ ಕಳೆದರೆ ಮುಗಿಯಿತು, ಮಗಳ ಕೊನೆಯ ಪರೀಕ್ಷೆಯೂ ಮುಗಿಯುತ್ತದೆ, "ಎಲ್ಲ ಸರಿಯಿದೆ" ಎಂದು ಬರೆದರೆ ಯಾರು ಕೇಳುತ್ತಾರೆ? ಗಂಡನಿಗೆ ಹೇಳಿದೆ. ಅವರು ಊಟ ನಿಲ್ಲಿಸಿ, "ಹೋದ ಸರ್ತಿ ಸುಮ್ಮನಿದ್ದದ್ದು ನನ್ನ ಸಲುವಾಗಿ. ಈಗ ನನ್ನ ಹೆಸರು ಹೇಳಬ್ಯಾಡ" ಎಂದರು.

ಮೂರನೆಯ ದಿನ ಷರಾ ಬರೆದೆ. ಗುರಾಣಿ ಸರಿಯಿದೆ, ಶಿರಸ್ತ್ರಾಣ ಎಡಕ್ಕೆ ತಿರುಗಬೇಕು, ಇಬ್ಬರು ಗಂಡುಮಕ್ಕಳ ನಡುವೆ ಮಗಳ ಕೊಂಬೆ ಇಲ್ಲ, ಇದು ಮರೆವೋ ಉದ್ದೇಶವೋ ದಯವಿಟ್ಟು ತಿಳಿಸಿ. ಅದನ್ನು ಕೆವಿನ್‌ಗೆ ಕೊಡದೆ ಲಕೋಟೆಯಲ್ಲಿ ದಾತುಕ್ ಅವರ ಮನೆಗೆ ಕಳಿಸಿದೆ.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಚಾಲಕನ ಭುಜ ಹಿಡಿದು ದಾತುಕ್ ಬಂದರು. ಎಷ್ಟೋ ವರ್ಷಗಳ ನಂತರ ಅದೇ ಕೊಠಡಿ. ಕೂರಲು ಬಹಳ ಹೊತ್ತು ಹಿಡಿಯಿತು.

"ಆ ದೊಡ್ಡ ಮರ ತೋರಿಸು."

ತೋರಿಸಿದೆ. ಖಾಲಿ ವೃತ್ತ ತೋರಿಸಿದೆ. ಪಕ್ಕದಲ್ಲಿ ಊರ್ಸುಲಾಳ ಫೋಟೊ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ಯಾರು ಕೆತ್ತಿ ತೆಗೆದದ್ದು?"

"ಅಪ್ಪ ಹೇಳಿರಬೇಕು. ತೆಗೆದವನು ಕೆತ್ತಿದವನೇ ಇರಬಹುದು. ಬೇರೆಯವರ ಕೈಗೆ ಅಚ್ಚು ಕೊಡೋದಿಲ್ಲ."

"ಎಷ್ಟು ಹೊತ್ತು ಬೇಕು, ತೆಗೆಯೋಕೆ?"

"ಅರ್ಧ ತಾಸು. ಅಷ್ಟೂ ಬೇಕಿಲ್ಲ."

ಅವರು ಫೋಟೊ ಬಿಡಲಿಲ್ಲ. ನಾನು ಹೇಳಿದೆ: "ದಾತುಕ್, ಅವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ನನಗೆ ಗೊತ್ತಿತ್ತು."

"ನಿನಗೆ ಗೊತ್ತಿತ್ತು ಅಂತ ನನಗೆ ಗೊತ್ತಿತ್ತು, ಲಾ" ಎಂದರು, ತಲೆಯೆತ್ತದೆ. "ನೀನು ಹೌದು ಅಂದಿದ್ರೆ ನಿನ್ನನ್ನೂ ಕಳಿಸಬೇಕಾಗ್ತಿತ್ತು. ಆಗ ಇವನ್ನೆಲ್ಲ ನೋಡ್ಕೊಳ್ಳೋರು ಯಾರು?"

ಸಮಾಧಾನಕ್ಕೆ ಹೇಳಿದರೋ, ಅವರ ಲೆಕ್ಕಾಚಾರವೇ ಹಾಗಿತ್ತೋ, ನನಗೆ ಇವತ್ತಿಗೂ ತಿಳಿಯದು.

"ಅವಳ ನಂಬರ್ ಇದೆಯಾ ನಿನ್ನ ಹತ್ತಿರ?"

ಇತ್ತು. ಪ್ರತಿ ದೀಪಾವಳಿಗೆ ಅವರ ಮನೆಯಿಂದ ಮುರುಕ್ಕು ಬರುತ್ತಿತ್ತು ನಮಗೆ. ದಾತುಕ್ ಎದುರೇ ಫೋನ್ ಹಚ್ಚಿದೆ. ಸ್ಯೂ ಲಿನ್, "ಗುರುವಾರ ಬರ್ತೀನಿ ಆಂಟಿ. ಗ್ಯಾಲರಿಗೆ. ಮನೆಗೆ ಬರಲ್ಲ" ಎಂದಳು.

ಗುರುವಾರ ಬಂದಳು, ಕೆಳಗಿನ ನಮ್ಮ ಕೊಠಡಿಗೇ. ತಲೆಯಲ್ಲಿ ನರೆ ಕಾಣುತ್ತಿತ್ತು. ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತಳು. ದಾತುಕ್ ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ.

"ತಿಂದ್ಯಾ?" ಎಂದರು. ಅವರ ಭಾಷೆಯಲ್ಲಿ ಅದೇ ಮೊದಲು ಕೇಳುವ ಮಾತು.

"ತಿಂದೆ, ಪಾ."

ನಾನು ಹೊರಗೆ ಹೋಗಲು ಹೊರಟೆ. ಇಬ್ಬರೂ ಒಟ್ಟಿಗೆ ಇರಲು ಹೇಳಿದರು. ಇಬ್ಬರಿಗೂ ಒಬ್ಬರನ್ನೊಬ್ಬರು ಎದುರಿಸಲು ಮಧ್ಯದಲ್ಲಿ ಇನ್ನೊಬ್ಬರು ಬೇಕಿತ್ತು. ದಾತುಕ್ ಕರಡನ್ನು ಅವಳತ್ತ ತಿರುಗಿಸಿ, ಇಬ್ಬರು ಗಂಡುಮಕ್ಕಳ ನಡುವೆ ಬೆರಳಿಟ್ಟರು. "ಇಲ್ಲಿ ನಿನ್ನ ಕೊಂಬೆ ಹಾಕಿಸ್ತೀನಿ. ನಿನ್ನದು, ಅವನದು, ಮಕ್ಕಳದು. ಕೆವಿನ್‌ಗೆ ನಾನು ಹೇಳ್ತೀನಿ. ಎಲ್ಲಿ ಬೇಕು ಹೇಳು, ಅಲ್ಲಿ."

ಸ್ಯೂ ಲಿನ್ ಕರಡನ್ನು ಮೇಲಿನಿಂದ ಕೆಳಗೆ ನೋಡಿದಳು. ಎರಡನೆಯ ಸಲವೂ ನೋಡಿದಳು.

"ಅಮ್ಮ ಎಲ್ಲಿ?" ಎಂದಳು.

ನಾನು ಬಗ್ಗಿ ನೋಡಿದೆ. ದಾತುಕ್ ಕೂಡ ನೋಡಿದರು. ಅಮ್ಮ ಇರಲಿಲ್ಲ. ಮಲಗಿದ್ದ ದಾತುಕ್ ಒಬ್ಬರೇ, ಅವರಿಂದಲೇ ಮರ. ಎದುರಿನ ಗೋಡೆಯ ಮೇಲೆ ಐನೂರು ವರ್ಷ ಹಳೆಯ ಆ ಮೂಲಪುರುಷನ ತಲೆದೆಸೆಯಲ್ಲಿ ಹೆಂಡತಿಯ ಗುರಾಣಿಯಾದರೂ ಒಂದು ಇತ್ತು, ಅವನ ಗುರಾಣಿಯತ್ತ ವಾಲಿಕೊಂಡು. ಅದನ್ನು ನಾನು ಹತ್ತು ಸಲ ಅಳೆದಿದ್ದೆ, ಫೋಟೊ ತೆಗೆದಿದ್ದೆ. ಈ ಕರಡನ್ನು ಮೂರು ದಿನ ಇಟ್ಟುಕೊಂಡು ನೋಡಿದ್ದೆ. ಶಿರಸ್ತ್ರಾಣ ಎಡಕ್ಕೆ ತಿರುಗಬೇಕೆಂದು ಷರಾ ಬರೆದಿದ್ದೆ. ಬಳೆ ಬಿಚ್ಚಿ ಕೊಟ್ಟ ಆ ಹೆಂಗಸು ಇಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೋಡುವುದೇ ಕೆಲಸವೆಂದು ಅಷ್ಟು ವರ್ಷ ಸಂಬಳ ಪಡೆದವಳು ನಾನು.

"ಮೊದಲು ಅಮ್ಮನ್ನ ಹಾಕು, ಪಾ. ಆಮೇಲೆ ನನ್ನ ವಿಷಯ."

ದಾತುಕ್ ಪೆನ್ಸಿಲ್ ಕೇಳಿದರು. ಕೊಟ್ಟೆ. ತಮ್ಮ ಪಕ್ಕದ ಖಾಲಿ ಜಾಗದಲ್ಲಿ ಹೆಂಡತಿಯ ಹೆಸರನ್ನು ಚೀನೀ ಅಕ್ಷರದಲ್ಲಿ ಬರೆಯಲು ಹೋದರು, ನಿಂತರು. "ನಡುವಿನ ಅಕ್ಷರ..." ಎಂದರು. ಜೀವನವಿಡೀ ಅವರು ಹೆಂಡತಿಯನ್ನು ಏನೋ ಒಂದು ಅಡ್ಡಹೆಸರಿನಿಂದ ಕರೆದವರು. ಅವರ ಕಣ್ಣು ತುಂಬಿತು. ಮರೆತದ್ದು ವಯಸ್ಸಿನಿಂದಲೋ, ಮೊದಲಿನಿಂದಲೂ ತಿಳಿಯದ್ದೋ, ಅದನ್ನು ಕೇಳುವ ಹಕ್ಕು ನನಗಿರಲಿಲ್ಲ.

ಸ್ಯೂ ಲಿನ್ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಅವರ ಕೈಯ ಮೇಲೆ ಕೈಯಿಟ್ಟು, ಪೆನ್ಸಿಲನ್ನು ಅವರಿಂದ ಬಿಡಿಸಿಕೊಳ್ಳದೆ, ಇಬ್ಬರ ಕೈಯಿಂದಲೂ ಬರೆಸಿದಳು. ಮೂರು ಚೀನೀ ಅಕ್ಷರಗಳು. ಗೆರೆ ಸೊಟ್ಟಗಿತ್ತು. ಬರೆದು ಮುಗಿದ ಮೇಲೆ ಅವಳು ಓದಿ ಹೇಳಿದಳು. ಅವರು ಅದನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡರು.

"ನನ್ನನ್ನ ಹಾಕಿದ್ರೆ ಅವಳ ಕೆಳಗೆ ಹಾಕು" ಎಂದಳು ಸ್ಯೂ ಲಿನ್. "ನಿನ್ನ ಕೆಳಗೆ ಅಲ್ಲ. ಇನ್ನೂ ಅಲ್ಲ."

"ಸರಿ" ಎಂದರು ದಾತುಕ್. "ಸರಿ, ಲಾ."

ಕಲಾವಿದ ಆ ಮರವನ್ನು ಮತ್ತೆ ಬರೆಯಬೇಕಾಯಿತು. ಎರಡು ಬುಡ ಹೆಣೆದುಕೊಂಡು ಏಳುವ ಹಾಗೆ ಮಾಡಿದ. ಕೆವಿನ್ ನನ್ನೊಂದಿಗೆ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಬಂದು, ಅಮ್ಮನ ಗುರಾಣಿಗೆ ಏನು ಗುರುತು ಹಾಕಬಹುದು ಎಂದು ಕೇಳಿದ. "ನೀವೇ ಯೋಚಿಸಿ, ಅವರು ಏನು ಮಾಡುತ್ತಿದ್ದರು?" ಎಂದೆ. ಅಂಗಡಿಯಲ್ಲಿ ಟೈರಿಗೆ ತೇಪೆ ಹಾಕುತ್ತಿದ್ದದ್ದು ಅಮ್ಮನೇ ಎಂದ. ಕೆತ್ತನೆ ಮುಗಿಯುವ ಮೊದಲೇ ನಾನು ನಿವೃತ್ತಳಾದೆ. ಮುದ್ರಣವನ್ನು ನೋಡಲು ಇನ್ನೂ ಹೋಗಿಲ್ಲ. ಮೆಟ್ಟಿಲು ಹತ್ತಬೇಕು, ಮಂಡಿ ಒಪ್ಪುವುದಿಲ್ಲ.

ಆ ಗುರುವಾರದ್ದು ಇನ್ನೊಂದು ಉಳಿದಿದೆ. ಸ್ಯೂ ಲಿನ್‌ಳನ್ನು ಕರೆತಂದ ಸೆಲ್ವಂ ಒಳಗೆ ಬಂದಿರಲಿಲ್ಲ. ಗೇಟಿನ ಬಳಿ ಕಾರಿನಲ್ಲೇ ಕೂತಿದ್ದ. ಮಾತು ಮುಗಿದ ಮೇಲೆ ದಾತುಕ್ ಚಾಲಕನನ್ನು ಕರೆಯಲಿಲ್ಲ. ಮಗಳ ತೋಳನ್ನೂ ಹಿಡಿಯಲಿಲ್ಲ. ಕೋಲೂರಿಕೊಂಡು ಒಬ್ಬರೇ ಗೇಟಿನತ್ತ ಇಳಿಜಾರಿನಲ್ಲಿ ಹೊರಟರು, ಎಡಗಾಲು ಎಳೆಯುತ್ತಾ, ಬಿಸಿಲಿನಲ್ಲಿ. ಸ್ಯೂ ಲಿನ್ ನನ್ನ ಜೊತೆ ಕಿಟಕಿಯಲ್ಲಿ ನಿಂತಿದ್ದಳು, ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಅವರು ಬರುವುದನ್ನು ಕಂಡು ಸೆಲ್ವಂ ಕಾರಿನಿಂದ ಇಳಿದ. ಎದುರು ಹೋಗಲಿಲ್ಲ, ಬಾಗಿಲು ಹಿಡಿದು ನಿಂತ. ಅರ್ಧ ದಾರಿಯಲ್ಲಿ ದಾತುಕ್ ದಣಿದು ನಿಂತುಬಿಟ್ಟರು. ಆಗ ಅವನು ನಡೆದು ಬಂದ. ಏನು ಮಾತಾಡಿದರೋ ಕೇಳಿಸಲಿಲ್ಲ. ಅವನು ತೋಳು ಚಾಚಿದ, ಅವರು ಹಿಡಿದುಕೊಂಡರು. ಹಿಂದಿನ ಬಾಗಿಲು ತೆರೆದು ಕೂರಿಸಿ, ಸುತ್ತಿ ಹೋಗಿ ತಾನೂ ಒಳಗೆ ಕೂತ.

ಕಾರು ಹೊರಡಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. "ಹೋಗು" ಎಂದೆ ಸ್ಯೂ ಲಿನ್‌ಗೆ. ಅವಳು ಕಣ್ಣೊರೆಸಿಕೊಂಡು, "ಇನ್ನೂ ಸ್ವಲ್ಪ ಹೊತ್ತು ಬಿಡಿ ಆಂಟಿ, ಮಾತಾಡ್ಲಿ" ಎಂದಳು.